ಬಿಸಿಲಿನ ಬಿಸಿನೀರು, ಬೇಗಂಪೇಟೆಯ ವಿಮಾನ

ಈ ಚಳಿಗಾಲದಲ್ಲಿ ನಮ್ಮ ಮನೆಯ ಸೋಲಾರ್ ಮತ್ತೆ ಕೈಕೊಟ್ಟಿತು. ಬೆಳಗ್ಗೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರೆ ಕೊರೆಯುವ ತಣ್ಣೀರು. ಟೆರೇಸಿಗೆ ಹತ್ತಿ ನೋಡಿದೆ. ಪ್ಯಾನೆಲ್ಲಿನ ಕೆಳಗಿನ ಮೂಲೆಯಿಂದ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಅಲ್ಲಿ ಪಾಚಿ ಕಟ್ಟಿತ್ತು.

ಹಳೇ ಡೈರಿ ತೆಗೆದು ಪ್ಲಂಬರುಗಳ ನಂಬರುಗಳಿಗೆ ಒಂದೊಂದಾಗಿ ಫೋನ್ ಮಾಡಿದೆ. ಮೊದಲನೆಯದು ಚಾಲ್ತಿಯಲ್ಲೇ ಇಲ್ಲ. ಎರಡನೆಯದನ್ನು ಎತ್ತಿದ ಹೆಂಗಸು "ವೋ ಕತರ್ ಮೇ ಹೈ ಸಾಬ್" ಅಂದಳು. ಮೂರನೆಯವನು ತಾನೇ ಎತ್ತಿದ, ಆದರೆ ಮಾತಾಡಿದ್ದು ಮಸ್ಕತ್ತಿನಿಂದ! "ಫೋಟೋ ಕಳಿಸಿ ಸಾರ್, ನೋಡಿ ಹೇಳ್ತೀನಿ" ಅಂತ ಬೇರೆ ಅಂದ. ಮಸ್ಕತ್ತಿನಲ್ಲಿ ಕೂತು ಬೇಗಂಪೇಟೆಯ ಲೀಕೇಜ್ ನೋಡುವ ಕಾಲ ಬಂತಲ್ಲಪ್ಪ ಅಂತ ನಗು ಬಂತು.

ನಾಲ್ಕನೆಯ ನಂಬರೂ ಇತ್ತು. ಅದಕ್ಕೆ ಫೋನ್ ಮಾಡಲು ನನಗೆ ಸಂಕೋಚ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಸಾಗರದ ಕಡೆಯವನು. 1984ರಲ್ಲಿ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಹೈದರಾಬಾದಿಗೆ ಬಂದೆ. ಎರಡು ವರ್ಷ ಇದ್ದು ಬೆಂಗಳೂರಿಗೆ ಹೋಗಿಬಿಡೋಣ ಅಂದುಕೊಂಡಿದ್ದೆ. ನಾಲ್ಕು ದಶಕ ಕಳೆದವು, ಇಲ್ಲೇ ಇದ್ದೇನೆ. ಪರ ಊರಲ್ಲಿ ನೆಲೆ ನಿಂತವರಿಗೆಲ್ಲ ಇದು ಗೊತ್ತಿರುವ ಕಥೆಯೇ.

ನಮ್ಮೂರಲ್ಲಿ ಬಿಸಿನೀರು ಅಂದರೆ ಹಂಡೆ. ಬಚ್ಚಲು ಮನೆಯ ಮೂಲೆಯ ಒಲೆಯ ಮೇಲೆ ಗಾರೆ ಹಾಕಿ ಕೂರಿಸಿದ ತಾಮ್ರದ ಹಂಡೆ. ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಒಣಗಿದ ಸೋಗೆ, ಏನು ತುರುಕಿದರೂ ಉರಿಯುತ್ತಿತ್ತು. ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಕುತ್ತಿಗೆಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ ನೀರು ತುಂಬಿಸುತ್ತಿದ್ದರು. ಹಂಡೆ ತೂತಾದರೆ ಬೆಸುಗೆ ಹಾಕುವವರು ಪೇಟೆಯಲ್ಲೇ ಇದ್ದರು. ಪಾತ್ರೆಗೆ ಕಲಾಯಿ ಹಾಕುವವನು ವರ್ಷಕ್ಕೊಮ್ಮೆ ತಿದಿ ಹೊತ್ತುಕೊಂಡು ಮನೆ ಬಾಗಿಲಿಗೇ ಬರುತ್ತಿದ್ದ. ಸಾಮಾನು ಎಲ್ಲಿತ್ತೋ ಅದನ್ನು ರಿಪೇರಿ ಮಾಡುವ ಕೈಯೂ ಅಲ್ಲೇ ಇತ್ತು. ಆಗ ಇದೊಂದು ವಿಶೇಷ ಅಂತ ಅನ್ನಿಸಿರಲೇ ಇಲ್ಲ.

ಹೈದರಾಬಾದಿನಲ್ಲಿ ಸೌದೆ ಎಲ್ಲಿಂದ ತರುವುದು? ಮೊದಲು ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು ಬಿಸಿ ಮಾಡುತ್ತಿದ್ದೆವು, ಆಮೇಲೆ ಗೀಸರ್ ಬಂತು. 1996ರಲ್ಲಿ ಸ್ವಂತ ಮನೆ ಆದಾಗ ಟೆರೇಸಿನ ಮೇಲೆ ಸೋಲಾರ್ ಕೂರಿಸಿದೆವು. ಎರಡು ಪ್ಯಾನೆಲ್, 200 ಲೀಟರಿನ ಟ್ಯಾಂಕು. ಗಲ್ಲಿಯಲ್ಲಿ ನಮ್ಮದೇ ಮೊದಲು. ಪಕ್ಕದ ಮನೆಯವರು ಬಂದು ಬಂದು ನೋಡಿ, ಡಿಶ್ ಆಂಟೆನಾದ ಹೊಸ ಮಾಡೆಲ್ಲಾ ಅಂತ ಕೇಳಿದ್ದರು!

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಕಪ್ಪು ಬಳಿದ ತಾಮ್ರದ ಹಾಳೆ, ಅದಕ್ಕೆ ಅಂಟಿಸಿದ ತಾಮ್ರದ ಕೊಳವೆಗಳು, ಮೇಲೊಂದು ಗಾಜು. ಇದೇ ಪ್ಯಾನೆಲ್. ಅದಕ್ಕಿಂತ ಎತ್ತರದಲ್ಲಿ ಟ್ಯಾಂಕು. ಬಿಸಿಲಿಗೆ ಕೊಳವೆಯ ನೀರು ಕಾದು ಹಗುರಾಗಿ ತಾನಾಗಿಯೇ ಟ್ಯಾಂಕಿನ ಮೇಲ್ಭಾಗಕ್ಕೆ ಏರುತ್ತದೆ. ಟ್ಯಾಂಕಿನ ತಳದ ತಣ್ಣೀರು ಭಾರವಾದ್ದರಿಂದ ಕೆಳಗಿಳಿದು ಪ್ಯಾನೆಲ್ಲಿಗೆ ಬರುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ಸಂಜೆಯೊಳಗೆ ಸುಮಾರು 60 ಡಿಗ್ರಿ ಬಿಸಿ. 100 ಲೀಟರಿಗೆ ಎರಡು ಚದರ ಮೀಟರ್ ಪ್ಯಾನೆಲ್ ಅಂತ ಲೆಕ್ಕ. ಇಷ್ಟು ಸರಳ.

ಆದರೆ ಈ ಸರಳ ಅನ್ನುವುದು ಮೋಸದ ಮಾತು. ಪೈಪು ಪ್ಯಾನೆಲ್ಲಿನಿಂದ ಟ್ಯಾಂಕಿನವರೆಗೆ ಒಂದೇ ಸಮನೆ ಏರುತ್ತಾ ಹೋಗಬೇಕು. ನಡುವೆ ಒಂದು ಕಡೆ ಗೂನು ಬಂದರೂ ಅಲ್ಲಿ ಗಾಳಿ ಕೂತು ನೀರಿನ ಓಡಾಟ ನಿಂತುಹೋಗುತ್ತದೆ. ನಮ್ಮ ಮನೆಗೆ ಸೋಲಾರ್ ಹಾಕಿದ ಕಂಪನಿಯ ಹುಡುಗರು ಮಾಡಿದ್ದು ಇದೇ ತಪ್ಪು. ಮೊದಲ ತಿಂಗಳೇ ನೀರು ಬೆಚ್ಚಗೂ ಆಗಲಿಲ್ಲ. ಮೂರು ಸಲ ಬಂದರು, ಗಾಜು ಒರೆಸಿ ಹೋದರು.

ಆಗ ಸಿಕ್ಕವನು ನಮ್ಮ ಪ್ಲಂಬರ್. ಹೆಸರು ಬೇಡ, ನಮ್ಮ ಪ್ಲಂಬರ್ ಅಂತಲೇ ಇಟ್ಟುಕೊಳ್ಳೋಣ. ಕೃಷ್ಣಾ ನದಿ ದಾಟಿದರೆ ರಾಯಚೂರು ಸಿಗುವ, ಈಗ ನಾರಾಯಣಪೇಟೆ ಜಿಲ್ಲೆಗೆ ಸೇರಿರುವ ಕೃಷ್ಣಾ ಮಂಡಲದ ಹುಡುಗ. ನಿಜಾಮರ ಕಾಲದಲ್ಲಿ ರಾಯಚೂರು, ಗುಲ್ಬರ್ಗ, ಬೀದರ್ ಎಲ್ಲ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವಲ್ಲ. 1956ರಲ್ಲಿ ಗೆರೆ ಎಳೆದಾಗ ಇವನ ಊರು ಆಂಧ್ರಕ್ಕೆ ಸೇರಿತು, ಮನೆಮಾತು ಮಾತ್ರ ಕನ್ನಡವಾಗಿಯೇ ಉಳಿಯಿತು. ನಾನು ಹೆಂಡತಿಯ ಜೊತೆ ಕನ್ನಡದಲ್ಲಿ ಗೊಣಗುವುದನ್ನು ಕೇಳಿಸಿಕೊಂಡು, "ಕನ್ನಡದವ್ರೇನ್ರಿ ಸಾರ್?" ಅಂತ ಮುಖ ಅರಳಿಸಿದ. ಪರ ಊರಲ್ಲಿ ಈ ಒಂದು ಪ್ರಶ್ನೆ ಕೇಳಿದವರನ್ನು ನಾವು ಬಿಡುತ್ತೇವೆಯೇ? ಅವತ್ತಿನಿಂದ ಅವನು ನಮ್ಮ ಮನೆ ಪ್ಲಂಬರ್ ಆದ.

ಅವನು ಮೀಟರ್ ಗೀಟರ್ ಏನೂ ತರಲಿಲ್ಲ. ಟ್ಯಾಂಕಿಗೆ ಹೋಗುವ ಪೈಪನ್ನು ಪ್ಯಾನೆಲ್ ಹತ್ತಿರ ಒಮ್ಮೆ, ಟ್ಯಾಂಕಿನ ಹತ್ತಿರ ಒಮ್ಮೆ ಅಂಗೈಯಿಂದ ಮುಟ್ಟಿ ನೋಡಿದ. ಇಲ್ಲಿ ಕುದಿ, ಅಲ್ಲಿ ತಣ್ಣಗೆ. "ನಡುವ ಗಾಳಿ ಕುಂತೈತ್ರಿ" ಅಂದ. ಎರಡು ಗಂಟೆಯಲ್ಲಿ ಪೈಪ್ ಬಿಚ್ಚಿ ಗೂನು ತೆಗೆದು ಮತ್ತೆ ಕೂಡಿಸಿದ. ಮರುದಿನದಿಂದ ಬಿಸಿನೀರು ಶುರು.

ಬೇಗಂಪೇಟೆಯ ಬೋರ್‌ವೆಲ್ ನೀರು ಗಡಸು. ಇಂಥ ನೀರು ಕಾದಾಗ ಅದರಲ್ಲಿನ ಸುಣ್ಣದ ಅಂಶ ಕೊಳವೆಯ ಒಳಗೆ ಪೊರೆಯಾಗಿ ಕಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಆಸಿಡ್ ಬೆರೆಸಿದ ನೀರು ಹಾಯಿಸಿ ತೊಳೆಯದಿದ್ದರೆ ಕೊಳವೆ ಮುಚ್ಚಿಯೇ ಹೋಗುತ್ತದೆ. ತಾಮ್ರದ ಕೊಳವೆ ಸೋರಿದರೆ ಗ್ಯಾಸ್ ಹಚ್ಚಿ ಬೆಸುಗೆ ಹಾಕಬೇಕು. ಉರಿ ಹೆಚ್ಚಾದರೆ ತಾಮ್ರ ತೂತು, ಕಡಿಮೆಯಾದರೆ ಬೆಸುಗೆ ನಿಲ್ಲುವುದಿಲ್ಲ. ಇದೆಲ್ಲ ಅವನಿಗೆ ಬರುತ್ತಿತ್ತು. ಓದಿದ್ದು ಎಂಟನೇ ಕ್ಲಾಸು. ಕಲಿತದ್ದು ಒಡಿಶಾದ ಒಬ್ಬ ಮೇಸ್ತ್ರಿಯ ಹತ್ತಿರ. ಒಡಿಶಾದ ಕೇಂದ್ರಪಾಡಾ ಜಿಲ್ಲೆಯ ಪಟ್ಟಾಮುಂಡೈ ಅಂದರೆ ದೇಶಕ್ಕೆಲ್ಲ ಪ್ಲಂಬರುಗಳನ್ನು ಕೊಟ್ಟ ಊರು. ಮದುವೆ ಅಡುಗೆಯವರಿಗೆ ನಮ್ಮ ಉಡುಪಿ ಹೇಗೋ, ನಲ್ಲಿ ಕೆಲಸಕ್ಕೆ ಅದು ಹಾಗೆ.

ಇಡೀ ದಿನ ಬಿಸಿಲಲ್ಲಿ ನಿಂತು ಪ್ಯಾನೆಲ್ ತೊಳೆದುಕೊಟ್ಟರೆ 150 ರೂಪಾಯಿ ಕೇಳುತ್ತಿದ್ದ. ನಾನು ಚೌಕಾಸಿ ಮಾಡಿ 130 ಕೊಡುತ್ತಿದ್ದೆ. ಹೌದು, ಕೊಡುತ್ತಿದ್ದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಸೋಲಾರ್ ಬಿಸಿನೀರು ನಿನ್ನೆ ಮೊನ್ನೆಯದಲ್ಲ. ರಿಟೈರ್ ಆದಮೇಲೆ ಇದರ ಚರಿತ್ರೆ ಹುಡುಕಿ ಓದುವ ಹುಚ್ಚು ಹತ್ತಿತು. 1767ರಲ್ಲಿ ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಎಂಬ ವಿಜ್ಞಾನಿ ಗಾಜಿನ ಪೆಟ್ಟಿಗೆ ಮಾಡಿ ಬಿಸಿಲನ್ನು ಹಿಡಿದಿಟ್ಟು ತೋರಿಸಿದ. 1891ರಲ್ಲಿ ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ ಬಿಸಿಲಿನ ವಾಟರ್ ಹೀಟರಿಗೆ ಪೇಟೆಂಟ್ ಪಡೆದ. ಅದರಲ್ಲೊಂದು ತೊಂದರೆ. ನೀರು ಕಾಯುವುದೂ ಉಳಿಯುವುದೂ ಒಂದೇ ಪೆಟ್ಟಿಗೆಯಲ್ಲಿ, ಹೀಗಾಗಿ ಬೆಳಗಾಗುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೇಯ್ಲಿ ಪ್ಯಾನೆಲ್ ಬೇರೆ, ಶಾಖ ಹೋಗದಂತೆ ಸುತ್ತಿದ ಟ್ಯಾಂಕು ಬೇರೆ ಮಾಡಿ, ಹಗಲೂ ರಾತ್ರಿ ಬಿಸಿನೀರು ಅಂತ ಅದನ್ನು 'ಡೇ ಅಂಡ್ ನೈಟ್' ಹೆಸರಿನಲ್ಲೇ ಮಾರಿದ. ನಮ್ಮ ಟೆರೇಸಿನ ಮೇಲೆ ಕೂತಿರುವುದು ಅದರ ಮರಿಮೊಮ್ಮಗ.

ಫ್ಲೋರಿಡಾದ ಮಯಾಮಿಯಲ್ಲಿ 1941ರ ಹೊತ್ತಿಗೆ ಅರ್ಧಕ್ಕೂ ಹೆಚ್ಚು ಜನ ಸೋಲಾರ್ ನೀರಿನಲ್ಲೇ ಸ್ನಾನ ಮಾಡುತ್ತಿದ್ದರಂತೆ! ಆಮೇಲೆ ಮಹಾಯುದ್ಧ ಬಂತು, ತಾಮ್ರ ಯುದ್ಧಕ್ಕೆ ಹೋಯಿತು. ಯುದ್ಧ ಮುಗಿದಮೇಲೆ ಕರೆಂಟ್ ಅಗ್ಗವಾಯಿತು. ಹಳೇ ಟ್ಯಾಂಕುಗಳು ತುಕ್ಕು ಹಿಡಿದು ಒಡೆದವು, ಜನ ರಿಪೇರಿ ಮಾಡಿಸುವ ಬದಲು ಗೀಸರ್ ತಂದರು. ಮೂವತ್ತು ವರ್ಷ ಜಗತ್ತು ಇದನ್ನು ಹೆಚ್ಚುಕಡಿಮೆ ಮರೆತಿತ್ತು. ಇಸ್ರೇಲ್, ಆಸ್ಟ್ರೇಲಿಯಾದಂಥ ಕೆಲವು ದೇಶಗಳು ಮಾತ್ರ 1950ರ ದಶಕದಿಂದ ಕೈಬಿಡದೆ ಮುಂದುವರಿಸಿದವು.

ಈಗ ಬರುತ್ತದೆ 1973. ಅಕ್ಟೋಬರಿನಲ್ಲಿ ಅರಬ್ ದೇಶಗಳಿಗೂ ಇಸ್ರೇಲಿಗೂ ಯುದ್ಧ. ಅರಬ್ ದೇಶಗಳು ಎಣ್ಣೆಯ ನಲ್ಲಿ ತಿರುಗಿಸಿದವು. ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದದ್ದು ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟು. ಎಲ್ಲ ದೇಶಗಳೂ ಕಂಗಾಲಾಗಿ ಎಣ್ಣೆ ಇಲ್ಲದೆ ಬದುಕುವುದು ಹೇಗೆ ಅಂತ ಹುಡುಕಲು ಶುರುಮಾಡಿದವು. 1979ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಶ್ವೇತಭವನದ ಮೇಲೆ 32 ಸೋಲಾರ್ ವಾಟರ್ ಹೀಟರ್ ಪ್ಯಾನೆಲ್ ಹಾಕಿಸಿದರು. 1980ರಲ್ಲಿ ಇಸ್ರೇಲ್ ಹೊಸ ಮನೆಗಳಿಗೆ ಸೋಲಾರ್ ಕಡ್ಡಾಯ ಮಾಡಿತು. ನಮ್ಮ ದೇಶದಲ್ಲಿ 1982ರಲ್ಲಿ ಅಸಾಂಪ್ರದಾಯಿಕ ಇಂಧನಕ್ಕೆ ಒಂದು ಪ್ರತ್ಯೇಕ ಇಲಾಖೆಯೇ ಆಯಿತು. ನಮ್ಮ ಮನೆಯ ಸೋಲಾರ್ ಬಂದದ್ದು ಈ ದಾರಿಯಲ್ಲಿ.

ಇದೇ 1973ಕ್ಕೆ ಇನ್ನೊಂದು ಮಗ್ಗುಲಿದೆ. ಆ ಎಣ್ಣೆಯ ದುಡ್ಡೆಲ್ಲ ಹೋದದ್ದು ಕೊಲ್ಲಿ ದೇಶಗಳಿಗೆ. ಮರಳುಗಾಡಿನಲ್ಲಿ ರಸ್ತೆ, ಬಂದರು, ಆಸ್ಪತ್ರೆ, ಊರಿಗೆ ಊರೇ ಎದ್ದು ನಿಲ್ಲಬೇಕಿತ್ತು. ಕಟ್ಟುವವರು ಬೇಕಲ್ಲ? ಕೇರಳದಿಂದ ಹೋದರು. ನಮ್ಮ ಮಂಗಳೂರು, ಉಡುಪಿ, ಭಟ್ಕಳದಿಂದ ಹೋದರು. ತೆಲಂಗಾಣದ ಕರೀಂನಗರ, ನಿಜಾಮಾಬಾದ್ ಕಡೆಯಿಂದ ಊರಿಗೆ ಊರೇ ಹೋಯಿತು. ಮೇಸ್ತ್ರಿ, ಬಡಗಿ, ಎಲೆಕ್ಟ್ರಿಷಿಯನ್, ಪ್ಲಂಬರ್. ಅಂದರೆ ನಮ್ಮ ಟೆರೇಸಿಗೆ ಸೋಲಾರ್ ಬರುವುದಕ್ಕೂ, ಅದನ್ನು ರಿಪೇರಿ ಮಾಡುವವನು ಇಲ್ಲಿಂದ ಹೋಗುವುದಕ್ಕೂ ಕಾರಣ ಒಂದೇ! ಇದು ಹೊಳೆದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಹೊರಡುವ ಕಥೆಗೆ ನಮ್ಮ ಬೇಗಂಪೇಟೆ ಒಂದು ಬಾಗಿಲು. 2008ರ ಮಾರ್ಚ್ 23ರಂದು ಶಂಷಾಬಾದಿನ ಹೊಸ ವಿಮಾನ ನಿಲ್ದಾಣ ಶುರುವಾಗುವ ತನಕ ಹೈದರಾಬಾದಿನ ವಿಮಾನಗಳೆಲ್ಲ ಇಳಿಯುತ್ತಿದ್ದದ್ದು, ಏರುತ್ತಿದ್ದದ್ದು ಇಲ್ಲೇ. ಅದೇ ವರ್ಷ ಇಲ್ಲಿನ ಪೈಗಾ ಅರಮನೆಯಲ್ಲಿ ಅಮೆರಿಕದ ಕಾನ್ಸುಲೇಟ್ ತೆರೆಯಿತು, 2023ರಲ್ಲಿ ನಾನಕ್‌ರಾಮ್‌ಗುಡಕ್ಕೆ ಹೋಗುವ ತನಕ ಅಲ್ಲೇ ಇತ್ತು. ಪಕ್ಕದ ಅಮೀರ್‌ಪೇಟೆಯ ಗಲ್ಲಿಗಳ ತುಂಬ ಕಂಪ್ಯೂಟರ್ ಕೋರ್ಸುಗಳ ಬೋರ್ಡುಗಳು. ಸತ್ಯ ನಾದೆಲ್ಲ ಓದಿದ ಹೈದರಾಬಾದ್ ಪಬ್ಲಿಕ್ ಸ್ಕೂಲ್ ಕೂಡ ನಮ್ಮ ಬೇಗಂಪೇಟೆಯದೇ. ವಿದೇಶಕ್ಕೆ ಹೋದ ಎಂಜಿನಿಯರುಗಳ ಬಗ್ಗೆ ಪೇಪರಿನಲ್ಲಿ ಬಂದಷ್ಟು ಬಂದಿದೆ. ಆದರೆ ಹಳೇ ಏರ್‌ಪೋರ್ಟಿನ ಗೇಟಿನ ಹೊರಗೆ ರಾತ್ರಿ ಹತ್ತರ ಮೇಲೆ ನಾನು ಕಂಡದ್ದು ಇನ್ನೊಂದು ಜಾತ್ರೆ. ಹಗ್ಗ ಕಟ್ಟಿದ ಸೂಟ್‌ಕೇಸು, ಡಬ್ಬಿಯಲ್ಲಿ ಮಾವಿನ ಉಪ್ಪಿನಕಾಯಿ, ಸೆರಗು ಬಾಯಿಗಿಟ್ಟುಕೊಂಡ ಹೆಂಡತಿಯರು, ನಿದ್ದೆಗಣ್ಣಿನ ಮಕ್ಕಳು. ಜೀಪಿನಲ್ಲಿ ಹದಿನೈದು ಜನ ತುಂಬಿಕೊಂಡು ಬಂದು ಒಬ್ಬನನ್ನು ಬಿಟ್ಟು ಹದಿನಾಲ್ಕು ಜನ ವಾಪಸ್ ಹೋಗುವುದು.

ಕಾನೂನೂ ಇವರನ್ನು ಬೇರೆ ಸಾಲಿನಲ್ಲಿ ನಿಲ್ಲಿಸುತ್ತದೆ. 1983ರ ವಲಸೆ ಕಾಯ್ದೆ ಬಂದದ್ದು ಏಜೆಂಟರ ಮೋಸ ತಡೆಯಲು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇ.ಸಿ.ಆರ್. ಅಂತ ಗುರುತು. ಅಂಥವರು ಕೊಲ್ಲಿಯೂ ಸೇರಿ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಸಂರಕ್ಷಕರ ಕಚೇರಿಯ ಅನುಮತಿ ಬೇಕು. ಅಂಥ ಒಂದು ಕಚೇರಿ ಹೈದರಾಬಾದಿನಲ್ಲೂ ಇದೆ. ಉದ್ದೇಶ ಒಳ್ಳೆಯದೇ. ಆದರೆ ನಾನು ಡಿಗ್ರಿ ಹಿಡಿದು ಸಾಗರದಿಂದ ಇಲ್ಲಿಗೆ ಬಂದರೆ 'ಕೆಲಸ ಸಿಕ್ಕಿ ಹೋದ' ಅಂತಾರೆ, ಅವನು ಪಾನಾ ಹಿಡಿದು ಹೊರಟರೆ 'ವಲಸೆ ಹೋದ' ಅಂತಾರೆ. ಇಬ್ಬರೂ ಮಾಡಿದ್ದು ಒಂದೇ ಅಲ್ಲವೇ?

ನಮ್ಮ ಪ್ಲಂಬರ್ 2006ರಲ್ಲಿ ಒಂದು ಸಂಜೆ ಬಂದ. ಕೆಲಸ ಏನೂ ಇರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಚಾ ಕುಡಿದ.

"ಸಾರ್, ದುಬೈಗೆ ಚಾನ್ಸ್ ಬಂದೈತ್ರಿ. ಟ್ರೇಡ್ ಟೆಸ್ಟ್ ಪಾಸಾದೆ. ಏಜೆಂಟ್ ಎಪ್ಪತ್ತು ಸಾವಿರ ಕೇಳಾಕ್ಹತ್ಯಾನ. ನಿಮ್ಮಿಂದ ಒಂದು ಇಪ್ಪತ್ತು ಸಾವಿರ ಆದ್ರ... ವರ್ಷದಾಗ ಮುಟ್ಟಸ್ತೀನ್ರಿ."

ನನ್ನ ಹತ್ತಿರ ದುಡ್ಡಿತ್ತು. "ನೋಡೋಣ ಮಾರಾಯ, ಈಗ ಸ್ವಲ್ಪ ಕಷ್ಟ" ಅಂದೆ. ಮಗಳ ಕಾಲೇಜ್ ಫೀಸು, ಅದು ಇದು ಅಂತ ನೆಪ ಹೇಳಿದೆ. ಒಳಗಿನ ನಿಜ ಬೇರೆಯೇ ಇತ್ತು. ಇವನು ಹೋದರೆ ನಮ್ಮ ಸೋಲಾರ್ ಯಾರು ನೋಡುತ್ತಾರೆ ಅನ್ನುವ ಯೋಚನೆ ಆ ಕ್ಷಣಕ್ಕೆ ನನ್ನ ತಲೆಯಲ್ಲಿ ಬಂದಿತ್ತು. ನನ್ನ ಬಿಸಿನೀರಿಗಾಗಿ ಅವನು ಇಲ್ಲೇ ಉಳಿಯಲಿ ಅಂತ. ಬಾಯಿಬಿಟ್ಟು ಯಾರಿಗೂ ಇದನ್ನು ಹೇಳಿರಲಿಲ್ಲ, ಹೆಂಡತಿಗೂ ಕೂಡ.

ಅವನು ಹೋಗದೇ ಇರಲಿಲ್ಲ. ಊರಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಅಷ್ಟೂ ಸಾಲ ಮಾಡಿದ. ಲೆಕ್ಕ ಹಾಕಿ ನೋಡಿ: 70,000ಕ್ಕೆ ತಿಂಗಳ ಬಡ್ಡಿಯೇ 2,100. ಅವನ ಸಂಬಳ 900 ದಿರ್ಹಮ್, ಆಗಿನ ಲೆಕ್ಕದಲ್ಲಿ ಹನ್ನೊಂದು ಸಾವಿರ ರೂಪಾಯಿ ಚಿಲ್ಲರೆ. ಊಟದ ಖರ್ಚು ಕಳೆದು ಮನೆಗೆ ಕಳಿಸಿ, ಉಳಿದದ್ದರಲ್ಲಿ ಸಾಲ ತೀರಿಸಲು ಎರಡು ವರ್ಷ ಹಿಡಿಯಿತು. ಮೊದಲ ರಜೆಗೆ ಬರುವಷ್ಟರಲ್ಲಿ ಬೇಗಂಪೇಟೆಯ ಏರ್‌ಪೋರ್ಟೇ ಮುಚ್ಚಿತ್ತು. ಅವನು ಇಳಿದದ್ದು ಶಂಷಾಬಾದಿನಲ್ಲಿ.

ಇತ್ತ ನಮ್ಮ ಕಡೆ ಸೋಲಾರಿನ ಸುಗ್ಗಿ. ಕರ್ನಾಟಕ ಸರ್ಕಾರ 2007ರಲ್ಲಿ ದೊಡ್ಡ ಮನೆ, ಹೋಟೆಲು, ಆಸ್ಪತ್ರೆ, ಹಾಸ್ಟೆಲ್ಲುಗಳಂಥ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಬೆಸ್ಕಾಂ ಸೋಲಾರ್ ಇದ್ದ ಮನೆಗಳಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ಬಿಲ್ಲಿನಲ್ಲಿ ಬಿಡುತ್ತಿತ್ತು. ಬೆಂಗಳೂರಿನ ತಂಗಿ ಮನೆಗೆ ಹೋದಾಗ ಟೆರೇಸಿನಿಂದ ನೋಡಿದರೆ ಕಣ್ಣು ಹರಿದಷ್ಟು ದೂರ ಸೋಲಾರ್ ಟ್ಯಾಂಕುಗಳು. ಹೈದರಾಬಾದಿನ ಟೆರೇಸುಗಳಲ್ಲಿ ಆ ನೋಟ ಇರಲಿಲ್ಲ, ಬಿಸಿಲು ಇಲ್ಲಿ ಹೆಚ್ಚಿದ್ದರೂ. 2010ರ ಜನವರಿಯಲ್ಲಿ ಕೇಂದ್ರದ ರಾಷ್ಟ್ರೀಯ ಸೌರ ಮಿಷನ್ ಬಂತು. 2022ರೊಳಗೆ ಎರಡು ಕೋಟಿ ಚದರ ಮೀಟರ್ ಸೋಲಾರ್ ಶಾಖದ ಪ್ಯಾನೆಲ್ ಅನ್ನುವ ಗುರಿ. ಅಂದರೆ ಸುಮಾರು ಒಂದು ಕೋಟಿ ಮನೆಗಳಿಗೆ ನೂರು ನೂರು ಲೀಟರ್. ಪೇಪರ್ ಓದಿ ನಾವು ಕುಣಿದಾಡಿದೆವು. ನೆನಪಿಟ್ಟುಕೊಂಡದ್ದು ಚದರ ಮೀಟರುಗಳನ್ನು. ಒಂದು ಕೋಟಿ ಟೆರೇಸುಗಳಿಗೆ ಏಣಿ ಹತ್ತುವವರು ಯಾರು ಅಂತ ಕೇಳಿಕೊಳ್ಳಲಿಲ್ಲ.

ಕೇಳಿಕೊಳ್ಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಆಸ್ಟ್ರೇಲಿಯಾ ಒಂದು ಪಾಠ. 2009ರಲ್ಲಿ ಆರ್ಥಿಕ ಹಿಂಜರಿತದಿಂದ ಹೊರಬರಲು ಅಲ್ಲಿನ ಸರ್ಕಾರ ಮನೆಗಳಿಗೆ ಒಂದು ಯೋಜನೆ ತಂದಿತು. ಚಾವಣಿಗೆ ಶಾಖ ತಡೆಯುವ ಹೊದಿಕೆ ಹಾಕಿಸಿ, ಇಲ್ಲವೇ ಸೋಲಾರ್ ಬಿಸಿನೀರು ಹಾಕಿಸಿ, ಯಾವುದಾದರೂ ಒಂದಕ್ಕೆ 1,600 ಡಾಲರ್ ಸಹಾಯ. ಹೊದಿಕೆ ಹಾಕುವ ಕೆಲಸಕ್ಕೆ ತರಬೇತಿ ಇಲ್ಲದ ಹುಡುಗರೂ ನುಗ್ಗಿದರು. ನಾಲ್ಕು ಜನ ಎಳೆಯ ಕೆಲಸಗಾರರು ಸತ್ತರು. 2010ರ ಫೆಬ್ರವರಿಯಲ್ಲಿ ಹೊದಿಕೆಯ ಯೋಜನೆ ನಿಂತಿತು, 2014ರಲ್ಲಿ ಅದರ ಮೇಲೆ ರಾಯಲ್ ಕಮಿಷನ್ ವಿಚಾರಣೆಯೂ ನಡೆಯಿತು. ಅಮೆರಿಕದ್ದು ಇನ್ನೊಂದು ಬಗೆ. 1985ರ ಕೊನೆಗೆ ತೆರಿಗೆ ರಿಯಾಯಿತಿ ಮುಗಿಯಿತು, ಸೋಲಾರ್ ಕಂಪನಿಗಳು ಬಾಗಿಲು ಹಾಕಿದವು, ಸಾವಿರಾರು ಮನೆಗಳ ಮೇಲಿನ ಪ್ಯಾನೆಲ್ಲುಗಳು ನೋಡುವವರಿಲ್ಲದೆ ಅನಾಥವಾದವು. ಮರುವರ್ಷ ಶ್ವೇತಭವನದವನ್ನೂ ಇಳಿಸಿದರು.

ನಮ್ಮಲ್ಲಿ ಯಾರೂ ಬಾಗಿಲು ಹಾಕಲಿಲ್ಲ, ಸಾಮಾನೇ ಬದಲಾಯಿತು. ತಾಮ್ರದ ಪ್ಯಾನೆಲ್ಲಿನ ಜಾಗಕ್ಕೆ ಚೀನಾದಿಂದ ಗಾಜಿನ ಟ್ಯೂಬುಗಳು ಬಂದವು. ಬೆಲೆ ಕಡಿಮೆ, ಬೆಸುಗೆ ಬೇಡ, ರಬ್ಬರ್ ವಾಷರಿಗೆ ಟ್ಯೂಬು ಚುಚ್ಚಿದರೆ ಆಯಿತು. ಟ್ಯೂಬು ಒಡೆದರೆ ಹೊಸದು ಹಾಕು. ಅಂಗಡಿಯವರಿಗೆ ಅನುಕೂಲ, ನಮಗೂ ಅನುಕೂಲ. ಆದರೆ ತಾಮ್ರ ಬೆಸೆಯುವ ಕೈಗೆ ಊರಲ್ಲಿ ಬೆಲೆ ಇಲ್ಲದಂತಾಯಿತು. 2014ರಲ್ಲಿ ವಾಟರ್ ಹೀಟರಿನ ಕೇಂದ್ರ ಸಬ್ಸಿಡಿಯೂ ನಿಂತಿತು. 2015ರಲ್ಲಿ ಶುರುವಾದ ಸೂರ್ಯಮಿತ್ರ ತರಬೇತಿ ಒಳ್ಳೆಯ ಯೋಜನೆ, ಆದರೆ ಅದು ಕರೆಂಟ್ ಮಾಡುವ ಪ್ಯಾನೆಲ್ಲುಗಳಿಗೆ. 2024ರ ಪಿ.ಎಂ. ಸೂರ್ಯ ಘರ್ ಕೂಡ ಕರೆಂಟಿನದೇ. ಬಿಸಿನೀರಿನ ಸೂರ್ಯನಿಗೆ ಮಿತ್ರರು ಕಡಿಮೆಯಾದರು.

ಆ ಕೈಗೆ ಬೆಲೆ ಸಿಕ್ಕಿದ್ದು ಎಲ್ಲಿ ಗೊತ್ತೇ? ದುಬೈಯಲ್ಲಿ! ಎಣ್ಣೆಯ ನಾಡಿನಲ್ಲಿ! 2012ರಲ್ಲಿ ದುಬೈ ಮುನಿಸಿಪಾಲಿಟಿ ಹೊಸ ವಿಲ್ಲಾಗಳಿಗೆ, ಕಾರ್ಮಿಕರ ವಸತಿಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಬೇಕಾದ ಬಿಸಿನೀರಿನ ಮುಕ್ಕಾಲು ಭಾಗ ಬಿಸಿಲಿನಿಂದಲೇ ಬರಬೇಕು. ಅಲ್ಲಿನ ಕಂಟ್ರಾಕ್ಟರು ತನ್ನ ಪ್ಲಂಬರುಗಳನ್ನು ಸಾಲಾಗಿ ನಿಲ್ಲಿಸಿ, ಈ ಕೆಲಸ ಯಾರಿಗೆ ಬರುತ್ತದೆ ಅಂತ ಕೇಳಿದನಂತೆ. ನಮ್ಮವನು ಕೈ ಎತ್ತಿದ. ಸಂಬಳ 900ರಿಂದ 1,400 ದಿರ್ಹಮ್ ಆಯಿತು. ರಜೆಗೆ ಬಂದಾಗ ಹೇಳಿದ:

"ಅಲ್ಲೂ ನಿಮ್ಮ ಮನಿ ಮ್ಯಾಲಿನ ಡಬ್ಬೀನೇ ರೀ ಸಾರ್. ಬಿಸಿಲ ಮಾತ್ರ ಬ್ಯಾರೆ. ಜೂನ್‌ದಾಗ ತಣ್ಣೀರಿನ ನಳದಾಗೇ ಬಿಸಿನೀರ ಬರ್ತಾವ, ಅದಕ್ಕ ಮ್ಯಾಲೆ ಸೋಲಾರ್!"

ಇಬ್ಬರೂ ನಕ್ಕೆವು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಯಲಲ್ಲಿ ಕೆಲಸ ಮಾಡಿಸಬಾರದು ಅಂತ ಅಲ್ಲಿ ನಿಯಮವಿದೆ. ಅಷ್ಟು ಸುಡು ಬಿಸಿಲು. ಬಿಸಿಲು ಹಿಡಿಯುವ ಡಬ್ಬಿ ಕೂರಿಸಲು ಬಿಸಿಲು ಇಳಿಯುವುದನ್ನು ಕಾಯಬೇಕು. ನಮ್ಮ ಟೆರೇಸಿನ ಮೇಲೆ 130 ರೂಪಾಯಿಗೆ ಅವನು ಕಲಿತ ವಿದ್ಯೆ ಅಲ್ಲಿ ಅವನ ಮಗಳ ಮದುವೆ ಮಾಡಿಸಿತು, ಊರಲ್ಲಿ ಎರಡು ರೂಮಿನ ಮನೆ ಕಟ್ಟಿಸಿತು. ಅವನನ್ನು ತಡೆದು ನಿಲ್ಲಿಸಲು ಮನಸ್ಸಿನಲ್ಲೇ ಆಸೆಪಟ್ಟವನು ನಾನು.

2020ರಲ್ಲಿ ಕೊರೊನಾ ಬಂದು ಕೆಲಸ ಹೋಯಿತು. ವಂದೇ ಭಾರತ್ ವಿಮಾನದಲ್ಲಿ ವಾಪಸ್ ಬಂದ. ಹದಿನಾಲ್ಕು ವರ್ಷ ಏಣಿ ಹತ್ತಿದ ಮೊಣಕಾಲು ಸವೆದಿತ್ತು, ಮತ್ತೆ ಹೋಗಲಿಲ್ಲ. ಈಗ ನಗರದಲ್ಲೇ ಸಣ್ಣಪುಟ್ಟ ಕೆಲಸ ಮಾಡುತ್ತಾನೆ. ಬಂದ ಹೊಸದರಲ್ಲಿ ತಾನಾಗಿಯೇ ಫೋನ್ ಮಾಡಿ ನಂಬರ್ ಕೊಟ್ಟಿದ್ದ. ಅದೇ ಆ ನಾಲ್ಕನೆಯ ನಂಬರು.

ಕೊನೆಗೆ ಅದಕ್ಕೇ ಮಾಡಿದೆ. ಭಾನುವಾರ ಬಂದ, ಜೊತೆಗೆ ಮಗ. ಏಣಿ ಹತ್ತಿದ್ದು ಮಗ, ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೇಳಿಕೊಟ್ಟದ್ದು ಅಪ್ಪ. "ಉರಿ ಸಣ್ಣ ಮಾಡು... ಹಾಂ, ಈಗ ಕಡ್ಡಿ ಹಿಡಿ..." ಬೆಸುಗೆ ಕೂತಿತು. ಐನೂರು ಅಂದ. ಸಾವಿರ ಕೊಟ್ಟೆ. "ಚಿಲ್ಲರ ಇಲ್ರಿ ಸಾರ್" ಅಂದ. ಚಿಲ್ಲರೆ ಬೇಡ ಅಂದೆ. ಆಮೇಲೆ ಚಾ ಕುಡಿಯುವಾಗ, ಧೈರ್ಯ ಮಾಡಿ, 2006ರ ಇಪ್ಪತ್ತು ಸಾವಿರದ ಮಾತು ತೆಗೆದೆ. ದುಡ್ಡಿತ್ತು, ಕೊಡಲಿಲ್ಲ ಅಂದೆ. ಯಾಕೆ ಅಂತಲೂ ಹೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನಂಗ ಗೊತ್ತಿತ್ರಿ ಸಾರ್" ಅಂದ. ಅಷ್ಟೇ. ಮತ್ತೆ ಬೇರೆ ಮಾತಿಗೆ ಹೋದ.

ಆ ಬೇರೆ ಮಾತು ಮಗನದು. ಐ.ಟಿ.ಐ.ಯಲ್ಲಿ ಒಂದು ವರ್ಷದ ಪ್ಲಂಬರ್ ಕೋರ್ಸ್ ಮುಗಿಸಿದ್ದಾನೆ. ಈಗ ಜರ್ಮನ್ ಭಾಷೆ ಕಲಿಯುತ್ತಿದ್ದಾನೆ, ಕಂಪ್ಯೂಟರ್ ಬೋರ್ಡುಗಳ ಅದೇ ಅಮೀರ್‌ಪೇಟೆಯಲ್ಲಿ! ಜರ್ಮನಿಯಲ್ಲಿ ನಲ್ಲಿ, ಹೀಟಿಂಗ್, ಹವಾನಿಯಂತ್ರಣ ಎಲ್ಲ ಸೇರಿ ಒಂದೇ ಕಸುಬು, ಸೋಲಾರ್ ಬಿಸಿನೀರೂ ಅದರೊಳಗೇ. ಮೂರೂವರೆ ವರ್ಷದ ತರಬೇತಿ, ಕಲಿಯುವಾಗಲೇ ಸಂಬಳ. ಅಲ್ಲಿ ಈ ಕೆಲಸಕ್ಕೆ ಜನ ಸಾಲುತ್ತಿಲ್ಲ. 2022ರಲ್ಲಿ ಭಾರತಕ್ಕೂ ಜರ್ಮನಿಗೂ ವಲಸೆ ಒಪ್ಪಂದವಾಯಿತು. 2024ರಲ್ಲಿ ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುತ್ತೇವೆ ಅಂತ ಅವರು ಹೇಳಿದರು. ತೆಲಂಗಾಣ ಸರ್ಕಾರದ ಟಾಮ್‌ಕಾಮ್ ಸಂಸ್ಥೆಯೂ ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುತ್ತದೆ.

ನಿಮ್ಮ ಪರಿಚಯದ ಹುಡುಗರು ಯಾರಾದರೂ ಕೊಲ್ಲಿ ದೇಶಕ್ಕೆ ಹೊರಟಿದ್ದರೆ ಇಷ್ಟು ಹೇಳಿ. ಏಜೆಂಟ್ ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದ್ದಾನೋ ನೋಡಬೇಕು. ಅವನು ಪಡೆಯಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಅದರ ಜಿ.ಎಸ್.ಟಿ., ಅದಕ್ಕೆ ರಸೀದಿ ಕೇಳಬೇಕು. ಕರಾರು ಪತ್ರದ ಪ್ರತಿ ಮನೆಯಲ್ಲೊಂದು ಇರಬೇಕು. ಇ.ಸಿ.ಆರ್. ಪಾಸ್‌ಪೋರ್ಟಿನವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷದ ವಿಮೆ ಇದೆ, ಅದನ್ನು ಬಿಡಬಾರದು. ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ನೋಡೋಣ ಅನ್ನುವವನನ್ನು ನಂಬಬೇಡಿ. ಇನ್ನೊಂದು ಮಾತು, ನಿಮ್ಮ ಹತ್ತಿರ ಇಪ್ಪತ್ತು ಸಾವಿರ ಇದ್ದರೆ ಕೊಡಿ.

ಹೊರಡುವಾಗ ಹುಡುಗ ಟೆರೇಸಿನ ಕಡೆ ತೋರಿಸಿ, "ಇದಕ್ಕ ಅಲ್ಲಿ 'ಹೈಟ್ಸುಂಗ್' ಅಂತಾರ್ರಿ ಅಂಕಲ್" ಅಂದ. ಬಿಸಿ ಮಾಡುವ ವ್ಯವಸ್ಥೆಗೆ ಜರ್ಮನ್ ಪದವಂತೆ. ನಾನೂ ಒಂದೆರಡು ಸಲ ಹೇಳಿ ನೋಡಿದೆ, ಬಾಯಿಗೆ ಬರಲಿಲ್ಲ. ಅಪ್ಪ ಮಗ ಬೇಗಂಪೇಟೆ ಮೆಟ್ರೋ ಸ್ಟೇಷನ್ನಿನ ಕಡೆ ನಡೆದರು. ಅಪ್ಪ ಮೆಲ್ಲಗೆ, ಮಗ ಅವನ ಚೀಲ ಹೊತ್ತುಕೊಂಡು.

ಮರುದಿನ ಬೆಳಗ್ಗೆ ನಲ್ಲಿ ತಿರುಗಿಸಿದೆ, ಬಿಸಿನೀರು ಬಂತು. ಸ್ನಾನ ಮುಗಿಸಿ ಬಂದು ಡೈರಿ ತೆಗೆದೆ. ಕತರಿನವನದು, ಮಸ್ಕತ್ತಿನವನದು ಎರಡನ್ನೂ ಹೊಡೆದುಹಾಕಿದೆ. ನಾಲ್ಕನೆಯ ನಂಬರಿನ ಕೆಳಗೆ ಮಗನ ನಂಬರನ್ನೂ ಬರೆದುಕೊಂಡೆ. ಎಷ್ಟು ದಿನ ನಡೆಯುವ ನಂಬರೋ ಗೊತ್ತಿಲ್ಲ. ಬೇಗ ನಿಂತುಹೋದರೆ ಈ ಸಲ ಬೇಜಾರು ಮಾಡಿಕೊಳ್ಳಬಾರದು ಅಂದುಕೊಂಡಿದ್ದೇನೆ.